ಹುರುಳಿ ಬಣ್ಣದ ಜಮಖಾನೆ

ಶಿವರಾಂಪೇಟೆಯ ಅಂಗಡಿಗೆ ನಾನು
ಗೋಡೆಯ ಬಣ್ಣ ಹೇಳಲು ಹೋಗಲಿಲ್ಲ,
ಬೆಂಕಿಪೊಟ್ಟಣದಲ್ಲಿ ಕೂದಲು ಒಯ್ದಿದ್ದೆ.
ಒಂದು ಉಂಡೆ ಜೀರಿಗೆಯದು, ಹೆಸರೇ ಬಣ್ಣ.
ಇನ್ನೊಂದು ಮೇಜರನದು:
ಆಲೆಮನೆಯಲ್ಲಿ ಕೊಂಚ ಜಾಸ್ತಿಯೇ ಕಾದ ಬೆಲ್ಲ.

ಮುನೀರುಲ್ಲಾ ಸಾಹೇಬರು ಒಂದೊಂದೇ ಉರುಳಿಸಿದರು
ಕೆಂಪು, ಕಡುನೀಲಿ, ನವಿಲಿರುವುದು, ನವಿಲಿಲ್ಲದ್ದು.
ಪ್ರತಿಯೊಂದರ ಮೇಲೂ ಚಿಟಿಕೆ ಉದುರಿಸಿ
ಮೂರು ಹೆಜ್ಜೆ ಹಿಂದೆ ಸರಿದು ನೋಡಿದೆ,
ಹೆಣ್ಣು ನೋಡಲು ಬಂದವರ ಹಾಗೆ.
ಕೆಂಪಿನ ಮೇಲೆ ಕಂಡಿತು.
ನೀಲಿಯ ಮೇಲೆ ಕೂಗಿಕೊಂಡಿತು.

‘ಇದು ನೋಡಿ ಮೇಡಂ, ಅಪ್ಪಟ ಉಣ್ಣೆ.’
‘ಉಣ್ಣೆ ನಮ್ಮನೇಲೇ ಇದೆ ಸಾಹೇಬ್ರೆ,
ಕಿವಿ ಸಂದೀಲಿ. ದಿನಾ ಕಿತ್ತು ಸೀಮೆಎಣ್ಣೆಗೆ ಹಾಕ್ತೀನಿ.’
ಅವರು ನಗಲಿಲ್ಲ. ಆಮೇಲೆ ನಕ್ಕರು,
ಗಲ್ಲಾದಲ್ಲಿದ್ದ ಮಗ ಎಣಿಕೆ ತಪ್ಪುವಷ್ಟು.

ಕುಣಿಕೆ ನೇಯ್ಗೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ.
ಹುಲ್ಲಿನ ಹಾಗೆ ನಿಂತದ್ದೂ ಬೇಡ,
ಬಿಸ್ಕತ್ತು ಒಳಗೆ ಊರು ಕಟ್ಟುತ್ತದೆ.
ಸಾಹೇಬರು ಏಣಿ ಹತ್ತಿ, ಅಟ್ಟದ ಮೂಲೆಯಿಂದ
ಮೂರು ವರ್ಷ ಯಾರೂ ಕೇಳದ ಒಂದನ್ನು ಇಳಿಸಿದರು:
ಹತ್ತಿಯದು, ತೆಳ್ಳಗಿನದು,
ಮೊರದಲ್ಲಿ ಹರಡಿದ ಹುರುಳಿಯ ಬಣ್ಣ.
ಉದುರಿಸಿದೆ.
‘ಎಲ್ಲಿ ಹೋಯ್ತು?’ ಅಂದರು, ಕನ್ನಡಕ ಹುಡುಕುತ್ತ.
ಅದೇ ನಮ್ಮದು.

ತೊಳೆಯುವುದು ಬೇರೆಯೇ ವಿದ್ಯೆ.
ಪೊರಕೆಗೆ ಬಾರದ ಕೂದಲು ಹಳೇ ಹವಾಯಿ ಚಪ್ಪಲಿಗೆ ಬರುತ್ತದೆ,
ಅಟ್ಟೆಯಿಂದ ಒಂದೇ ದಿಕ್ಕಿಗೆ ಎಳೆಯಬೇಕು.
ಉಚ್ಚೆಯನ್ನು ಉಜ್ಜಬಾರದು, ಪಂಚೆ ಒತ್ತಬೇಕು,
ಉಜ್ಜಿದರೆ ಅದು ಊರೂರು ಸುತ್ತುತ್ತದೆ.
ಆಮೇಲೆ ಅಡುಗೆ ಸೋಡಾ, ರಾತ್ರಿಯಿಡೀ.
ಬಿಸಿನೀರು ಖಂಡಿತ ಬೇಡ.

ಓರಗಿತ್ತಿ ಸರ್ವಮಂಗಳ ಒಮ್ಮೆ ಫಿನಾಯಿಲ್ ಸುರಿದಳು.
ಮೇಜರ್ ಮೂಸಿದ,
ಯಾವನೋ ಹೊಸಬ ಬಂದು ಹೋಗಿದ್ದಾನೆಂದು ತಿಳಿದು
ಅದರ ಮೇಲೇ ಕಾಲೆತ್ತಿ ರುಜು ಹಾಕಿದ.

ತಿಂಗಳಿಗೊಮ್ಮೆ ಮಹಡಿಯ ಗೋಡೆಗೆ ಹೊದಿಸಿ
ಎದುರುಮನೆ ಹುಡುಗನ ಕ್ರಿಕೆಟ್ ಬ್ಯಾಟಿನಿಂದ ಹೊಡೆಯುತ್ತಿದ್ದೆ.
ಕೃಷ್ಣಮೂರ್ತಿಪುರದ ಧೂಳು, ಎರಡು ನಾಯಿಗಳ ಚರ್ಮ,
ಅರ್ಧ ಕೋಡುಬಳೆ.
ಒಂದು ಗಳಿಗೆ ಚಾಮುಂಡಿಬೆಟ್ಟ ಮಸುಕಾಗುತ್ತಿತ್ತು.

ಮೇಜರ್ ನಮ್ಮವನಲ್ಲ. ಹೇಳಲೇ ಇಲ್ಲ, ಅಲ್ಲವೆ?
ಮೇಲ್ಮನೆಯ ತಮ್ಮಯ್ಯನವರು, ಬಸ್ ಡಿಪೋದವರು,
ಕೊಳ್ಳೇಗಾಲಕ್ಕೆ ವರ್ಗವಾದಾಗ ಬಿಟ್ಟುಹೋದದ್ದು.
ಆರೇ ತಿಂಗಳು ಅಂದಿದ್ದರು, ಎರಡು ವರ್ಷವಾಯಿತು.
ಭಾನುವಾರ ಬಂದರು. ಸ್ವಂತ ಮನೆಯಂತೆ,
ಸುತ್ತ ಕಾಂಪೌಂಡಂತೆ, ನೆರಳಿಗೆ ಹೊಂಗೆಯಂತೆ.
ಮೇಜರ್ ಜೀಪು ಹತ್ತಿದ.
ಯಾರೂ ಎತ್ತಲಿಲ್ಲ, ತಾನೇ ಹತ್ತಿದ.

ಆ ಸಂಜೆ ಟಾರ್ಚು ಹಿಡಿದು ಮಂಡಿಯೂರಿದೆ.
ಒಂದೇ ಒಂದು ಕೂದಲು. ಬೆಲ್ಲದ್ದು.
ಇರಲೇಬೇಕು.
ಕಾಣಬಾರದೆಂದೇ ಆರಿಸಿ ತಂದ ಬಣ್ಣ
ಕೊಟ್ಟ ಮಾತು ಉಳಿಸಿಕೊಂಡಿತು.

ಜೀರಿಗೆ ಬಂದಳು.
ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೂಗು ಸಾಗಿಸಿ
ಅಂಚಿನಿಂದ ಒಂದು ಗೇಣು ಒಳಗೆ ನಿಂತಳು:
ನಾನು ಮೂರು ಸಲ ಸೋಡಾ ಹಾಕಿ, ಬಿಸಿಲಿಗಿಟ್ಟು,
ಹೋಯಿತು ಎಂದು ಜಂಬ ಕೊಚ್ಚಿದ ಜಾಗ.
ಸುತ್ತಿದಳು, ಇನ್ನೊಮ್ಮೆ ಸುತ್ತಿದಳು,
ಒಬ್ಬರಿಗಷ್ಟು ಎಡೆ ಬಿಟ್ಟು ಮಲಗಿದಳು.

ಈ ವಾರ ತೊಳೆಯುವ ಸರದಿ.
ಮೋಡ ಇದೆ, ಒಣಗಲ್ಲ, ಅಂದೆ.
ಸರ್ವಮಂಗಳ ಕಿಟಕಿಯಾಚೆ ಬಿಸಿಲು ನೋಡಿದಳು,
ಏನೂ ಅನ್ನದೆ
ಕಾಫಿಗೆ ನೀರಿಟ್ಟಳು.